ಪಟ್ಟಿ ಜೋಡಿಸುವುದನ್ನು ಯಂತ್ರಕ್ಕೆ ಕಲಿಸಿದ ಜಾನ್ ವಾನ್ ನ್ಯೂಮನ್



ನಮ್ಮ ಗೋಡೆ ಪತ್ರಿಕೆಯಲ್ಲಿ ಗಾಂಧೀಜಿ, ವಿಶ್ವೇಶ್ವರಯ್ಯ, ಸಿ.ವಿ. ರಾಮನ್ ಇವರ ಜೀವನ ಚರಿತ್ರೆಗಳನ್ನು ಓದಿದ್ದೇವೆ. ಈ ತಿಂಗಳು ನಾನು ಜಾನ್ ವಾನ್ ನ್ಯೂಮನ್ ಎಂಬ ಗಣಿತಜ್ಞರ ಬಗ್ಗೆ ಬರೆಯುತ್ತಿದ್ದೇನೆ. ರೇಷನ್ ಕಾರ್ಡಿನ ಪಟ್ಟಿ, ವೋಟರ್ ಪಟ್ಟಿ, ಪರೀಕ್ಷೆಯ ರಿಸಲ್ಟ್ ಪಟ್ಟಿ ಇವೆಲ್ಲ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಅಷ್ಟು ಸಾವಿರ ಹೆಸರುಗಳನ್ನು ಅದು ಚಕ್ಕಂತ ಹೇಗೆ ಕ್ರಮವಾಗಿ ಜೋಡಿಸುತ್ತದೆ ಅಂತ ನಂಗೆ ಬಹಳ ದಿನದಿಂದ ಕುತೂಹಲ ಇತ್ತು. ಗಣಿತದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿಕೊಟ್ಟದ್ದು, ಪುಸ್ತಕದಲ್ಲಿ ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಜನನ ಮತ್ತು ಬಾಲ್ಯ

ಜಾನ್ ವಾನ್ ನ್ಯೂಮನ್ ಅವರು 1903ನೇ ಇಸವಿ ಡಿಸೆಂಬರ್ 28ರಂದು ಯುರೋಪಿನ ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ತಂದೆ ಮ್ಯಾಕ್ಸ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ತಾಯಿಯ ಹೆಸರು ಮಾರ್ಗಿಟ್. ಇವರದು ಯಹೂದಿ ಕುಟುಂಬ. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಹಂಗೇರಿಯಲ್ಲಿ ಮನೆತನದ ಹೆಸರನ್ನು ಮೊದಲು ಹೇಳಿ ಸ್ವಂತ ಹೆಸರನ್ನು ಆಮೇಲೆ ಹೇಳುತ್ತಾರೆ. ಹಾಗಾಗಿ ಅಲ್ಲಿ ಇವರು ನೊಯ್ಮನ್ ಯಾನೋಶ್. ಅಮೆರಿಕಕ್ಕೆ ಹೋದ ಮೇಲೆ ಯಾನೋಶ್ ಎಂಬುದು ಜಾನ್ ಆಯಿತು.

ಚಿಕ್ಕಂದಿನಲ್ಲೇ ಇವರು ಎಂಟು ಅಂಕಿಯ ಸಂಖ್ಯೆಗಳ ಭಾಗಾಕಾರವನ್ನು ಬಾಯಿಲೆಕ್ಕದಲ್ಲೇ ಮಾಡುತ್ತಿದ್ದರು ಅಂತ ಹೇಳ್ತಾರೆ. ಒಮ್ಮೆ ಓದಿದ ಪುಸ್ತಕ ಎಷ್ಟೋ ವರ್ಷದ ಮೇಲೂ ಇವರಿಗೆ ಬಾಯಿಪಾಠ ಇರುತ್ತಿತ್ತು. ಇದನ್ನು ಇವರ ಸ್ನೇಹಿತ ಗೋಲ್ಡ್‌ಸ್ಟೈನ್ ಎಂಬುವರು ಒಂದು ಸಲ ಪರೀಕ್ಷೆಯೇ ಮಾಡಿ ನೋಡಿದರು. ಡಿಕನ್ಸ್ ಅವರ ಒಂದು ಕಾದಂಬರಿಯ ಮೊದಲ ಅಧ್ಯಾಯ ಹೇಳಿ ಅಂದರೆ ಇವರು ನಿಲ್ಲಿಸದೆ ಹೇಳುತ್ತಲೇ ಹೋದರು. ಕೊನೆಗೆ ಕೇಳುವವರೇ ಸಾಕು ಅನ್ನಬೇಕಾಯಿತು.

ಹೈಸ್ಕೂಲಿನಲ್ಲಿ ಇವರಿಗೆ ಲಾಸ್ಲೋ ರಾಟ್ಸ್ ಎಂಬ ಒಳ್ಳೆಯ ಗಣಿತ ಮೇಷ್ಟ್ರು ಸಿಕ್ಕಿದರು. ಈ ಹುಡುಗನಿಗೆ ಶಾಲೆಯ ಲೆಕ್ಕ ಸಾಲದು ಎಂದು ಅವರು ಬೇಗ ಕಂಡುಕೊಂಡರು. ಸುಮ್ಮನಿರದೆ ತಂದೆಯ ಹತ್ತಿರ ಮಾತಾಡಿ, ವಿಶ್ವವಿದ್ಯಾಲಯದ ಗಣಿತಜ್ಞರಿಂದ ಪಾಠ ಹೇಳಿಸುವ ಏರ್ಪಾಡು ಮಾಡಿದರು. ನಮ್ಮ ಗುರುಗಳು ಇದನ್ನು ಓದಿದರೆ ಖುಷಿಪಡುತ್ತಾರೆ ಅಂತ ನನಗೆ ಗೊತ್ತು.

ವಿದ್ಯಾಭ್ಯಾಸ

1920ರಲ್ಲಿ ಹಂಗೇರಿಯಲ್ಲಿ ಒಂದು ಕಾನೂನು ಬಂತು. ಯಹೂದಿ ವಿದ್ಯಾರ್ಥಿಗಳು ಇಷ್ಟೇ ಜನ ಕಾಲೇಜಿಗೆ ಸೇರಬಹುದು ಎಂದು ಅದು ಮಿತಿ ಹಾಕಿತು. ಆದರೂ ನ್ಯೂಮನ್ ಅವರಿಗೆ ಸೀಟು ಸಿಕ್ಕಿತು. ಇವರಿಗೆ ಗಣಿತ ಓದುವ ಆಸೆ. ತಂದೆಗೆ ಮಗ ಸಂಪಾದನೆಯ ವಿದ್ಯೆ ಕಲಿಯಲಿ ಎಂಬ ಆಸೆ. ಇವರು ಎರಡನ್ನೂ ಮಾಡಿದರು. ಮೊದಲು ಬರ್ಲಿನ್‌ನಲ್ಲಿ, ಆಮೇಲೆ ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿ ರಸಾಯನಶಾಸ್ತ್ರ ಓದಿದರು. ಬುಡಾಪೆಸ್ಟ್‌ನಲ್ಲಿ ಗಣಿತಕ್ಕೆ ಹೆಸರು ಹಚ್ಚಿ ಪರೀಕ್ಷೆ ಸಮಯಕ್ಕೆ ಮಾತ್ರ ಬಂದು ಬರೆದು ಹೋಗುತ್ತಿದ್ದರು. 1926ರಲ್ಲಿ ಜೂರಿಚ್‌ನಿಂದ ರಸಾಯನಶಾಸ್ತ್ರದ ಇಂಜಿನಿಯರಿಂಗ್ ಡಿಪ್ಲೊಮ, ಬುಡಾಪೆಸ್ಟ್‌ನಿಂದ ಗಣಿತದ ಡಾಕ್ಟರೇಟ್ ಎರಡೂ ಬಂದವು. ಆಗ ಇವರಿಗೆ 22 ವರ್ಷ.

1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. 1933ರಲ್ಲಿ ಅದೇ ಊರಿನಲ್ಲಿದ್ದ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. ಐನ್‌ಸ್ಟೈನ್ ಕೂಡ ಅಲ್ಲೇ ಪ್ರೊಫೆಸರ್ ಆಗಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅಲ್ಲಿನ ಯಹೂದಿ ಪ್ರೊಫೆಸರುಗಳು ಕೆಲಸ ಕಳೆದುಕೊಂಡರು. 1937ರಲ್ಲಿ ನ್ಯೂಮನ್ ಅವರು ಅಮೆರಿಕದ ಪ್ರಜೆಯಾದರು.

ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಸುದ್ದಿ

ಎರಡನೇ ಮಹಾಯುದ್ಧದ ಕಾಲ. ಫಿರಂಗಿ ಗುಂಡು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬ ಲೆಕ್ಕದ ಪಟ್ಟಿ ಸೈನ್ಯಕ್ಕೆ ಬೇಕಿತ್ತು. ಅದಕ್ಕಾಗಿ ಫಿಲಡೆಲ್ಫಿಯಾ ನಗರದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ಇಬ್ಬರು ಎನಿಯಾಕ್ ಎಂಬ ಯಂತ್ರ ಕಟ್ಟುತ್ತಿದ್ದರು. ಅದರಲ್ಲಿ ಸುಮಾರು 18 ಸಾವಿರ ವಾಲ್ವುಗಳಿದ್ದವು. ಹಳೇ ಕಾಲದ ದೊಡ್ಡ ರೇಡಿಯೋದಲ್ಲಿ ಬಲ್ಬಿನ ಥರ ಕಾಣುತ್ತಿದ್ದವಲ್ಲ, ಅವೇ ವಾಲ್ವುಗಳು. ಯಂತ್ರದ ತೂಕ ಸುಮಾರು 30 ಟನ್. ಸೆಕೆಂಡಿಗೆ 5 ಸಾವಿರ ಕೂಡುವ ಲೆಕ್ಕ ಮಾಡುತ್ತಿತ್ತು.

1944ರ ಬೇಸಿಗೆಯಲ್ಲಿ ಅಬರ್ಡೀನ್ ಎಂಬ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ನ್ಯೂಮನ್ ಅವರು ರೈಲಿಗೆ ಕಾಯುತ್ತಿದ್ದರು. ಆ ಯಂತ್ರದ ಕೆಲಸ ನೋಡಿಕೊಳ್ಳುತ್ತಿದ್ದ ಸೈನ್ಯದ ಅಧಿಕಾರಿ ಗೋಲ್ಡ್‌ಸ್ಟೈನ್ ಅಲ್ಲಿಗೆ ಬಂದರು. ಮೇಲೆ ಹೇಳಿದೆನಲ್ಲ, ಆ ಗೋಲ್ಡ್‌ಸ್ಟೈನ್ ಇವರೇ. ಅವರ ಬಾಯಿಂದ ಯಂತ್ರದ ಸುದ್ದಿ ಕೇಳಿದ ನ್ಯೂಮನ್ ಅವರು ಕೆಲವೇ ದಿನದಲ್ಲಿ ಅದನ್ನು ನೋಡಲು ಹೋದರು.

ಎನಿಯಾಕ್‌ಗೆ ಒಂದು ತೊಂದರೆ ಇತ್ತು. ಲೆಕ್ಕ ಬದಲಾದಾಗಲೆಲ್ಲ ವೈರುಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಇದಕ್ಕೇ ದಿನಗಟ್ಟಲೆ ಬೇಕು. ಈ ಕೆಲಸ ಮಾಡಿದವರು ಆರು ಜನ ಹೆಣ್ಣುಮಕ್ಕಳು. ಮುಂದಿನ ಯಂತ್ರ ಹೇಗಿರಬೇಕು ಎಂದು ಎಕರ್ಟ್, ಮಾಕ್ಲಿ, ಗೋಲ್ಡ್‌ಸ್ಟೈನ್, ನ್ಯೂಮನ್ ಎಲ್ಲರೂ ಕೂತು ಮಾತಾಡಿದರು. ಲೆಕ್ಕದ ಸಂಖ್ಯೆಗಳನ್ನು ಇಡುವ ಜಾಗದಲ್ಲೇ ಯಂತ್ರಕ್ಕೆ ಕೊಡುವ ಆಜ್ಞೆಗಳನ್ನೂ ಇಡಬೇಕು ಎಂದು ತೀರ್ಮಾನವಾಯಿತು. ಹಾಗೆ ಮಾಡಿದರೆ ವೈರು ಕೀಳುವ ಕೆಲಸವೇ ಇಲ್ಲ. ಆ ಹೊಸ ಯಂತ್ರಕ್ಕೆ ಎಡ್ವಾಕ್ ಎಂದು ಹೆಸರಿಟ್ಟರು.

ಗೂಡುಗಳ ಸಾಲು

ಇದನ್ನು ಅರ್ಥಮಾಡಿಕೊಳ್ಳಲು ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸಿ ಇಡುವ ಗೂಡುಗಳನ್ನು ನೆನಪಿಸಿಕೊಳ್ಳಿ. ಕಂಪ್ಯೂಟರಿನ ನೆನಪು ಅಂದರೆ ಅಂಥ ಗೂಡುಗಳ ಉದ್ದ ಸಾಲು. ಪ್ರತಿ ಗೂಡಿಗೂ ಒಂದು ನಂಬರ್. 10ನೇ ಗೂಡಿನಿಂದ ಶುರುಮಾಡಿ ಒಂದರ ಪಕ್ಕ ಒಂದು ನಮ್ಮ ತರಗತಿಯ ಅಂಕಗಳನ್ನು ಇಟ್ಟರೆ ಅದು ಒಂದು ಪಟ್ಟಿ. ಪ್ರೋಗ್ರಾಮ್ ಬರೆಯುವವರು ಇದಕ್ಕೆ ಅರೇ ಎನ್ನುತ್ತಾರೆ.

ಈಗ 10ನೇ ಗೂಡಿನಲ್ಲಿ ಇರುವುದನ್ನು ತಗೋ ಎಂಬುದು ಒಂದು ಆಜ್ಞೆ. ಆಮೇಲೆ 11, ಆಮೇಲೆ 12. ಸಾವಿರ ಗೂಡಿಗೆ ಸಾವಿರ ಆಜ್ಞೆ ಬರೆಯೋಕಾಗುತ್ತಾ? ಆಗಲ್ಲ. ಆಜ್ಞೆಯೂ ಒಂದು ಗೂಡಿನಲ್ಲಿ ಸಂಖ್ಯೆಯಾಗಿಯೇ ಇದೆಯಲ್ಲ. ಆದ್ದರಿಂದ ಯಂತ್ರವೇ ಆ ಆಜ್ಞೆಯಲ್ಲಿರುವ 10ಕ್ಕೆ 1 ಕೂಡಿಸಿ 11 ಮಾಡಿಕೊಳ್ಳಬಹುದು. ಮತ್ತೆ 1 ಕೂಡಿಸಿದರೆ 12. ಹೀಗೆ ಒಂದೇ ಆಜ್ಞೆ ಇಡೀ ಪಟ್ಟಿಯ ಉದ್ದಕ್ಕೂ ನಡೆದುಹೋಗುತ್ತದೆ. ಈಗಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಟ್ಟಿಯ ಹೆಸರು ಬರೆದು ಪಕ್ಕದಲ್ಲಿ ಚೌಕ ಕಂಸದೊಳಗೆ ನಂಬರ್ ಹಾಕಿದರೆ ಸಾಕು.

ಕೈಬರಹದ ಪ್ರೋಗ್ರಾಮ್

1945ರಲ್ಲಿ ಎಡ್ವಾಕ್ ಇನ್ನೂ ಕಾಗದದ ಮೇಲೆ ಮಾತ್ರ ಇತ್ತು. ಇಲ್ಲದ ಯಂತ್ರಕ್ಕೆ ನ್ಯೂಮನ್ ಅವರು ಒಂದು ಪ್ರೋಗ್ರಾಮ್ ಬರೆದರು. ನಮ್ಮ ಈ ಗೋಡೆ ಪತ್ರಿಕೆಯ ಹಾಗೆ ಅದೂ ಕೈಬರಹವೇ. ಶಾಯಿಯಲ್ಲಿ ಬರೆದ 23 ಪುಟ. ಅದು ದೊಡ್ಡ ದೊಡ್ಡ ಗುಣಾಕಾರದ ಲೆಕ್ಕ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅದು ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಕೆಲಸ. ಲೆಕ್ಕ ಮಾಡುವ ಯಂತ್ರ ಲೆಕ್ಕ ಮಾಡುವುದರಲ್ಲಿ ಆಶ್ಚರ್ಯ ಇಲ್ಲ. ಯಾವುದು ಚಿಕ್ಕದು, ಯಾವುದು ದೊಡ್ಡದು, ಮುಂದೆ ಏನು ಮಾಡಬೇಕು ಎಂದು ನೋಡಿ ನಡೆಯುವ ಕೆಲಸವನ್ನೂ ಅದು ಮಾಡುತ್ತದೆಯೋ ಎಂದು ಇವರಿಗೆ ತಿಳಿಯಬೇಕಿತ್ತು. ಪಟ್ಟಿ ಜೋಡಿಸುವುದರಲ್ಲಿ ಕೂಡುವುದು ಕಳೆಯುವುದು ಕಮ್ಮಿ, ಹೋಲಿಸಿ ನೋಡುವುದೇ ಜಾಸ್ತಿ. ಅದಕ್ಕೇ ಅದನ್ನು ಆರಿಸಿಕೊಂಡರು.

ಅವರ ಉಪಾಯ ಹೀಗಿದೆ. ಡ್ರಿಲ್ ಪೀರಿಯಡ್‌ನಲ್ಲಿ ಆರನೇ ತರಗತಿಯವರು ಎತ್ತರದ ಪ್ರಕಾರ ಒಂದು ಸಾಲು, ಏಳನೇ ತರಗತಿಯವರು ಎತ್ತರದ ಪ್ರಕಾರ ಇನ್ನೊಂದು ಸಾಲು ನಿಂತಿದ್ದೇವೆ ಅಂದುಕೊಳ್ಳಿ. ಎರಡರಲ್ಲೂ ಗಿಡ್ಡಗಿರುವವರು ಮುಂದೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಬೇಕು. ಆಗ ಎಲ್ಲರನ್ನೂ ಎಲ್ಲರ ಜೊತೆ ಅಳೆಯಬೇಕಾಗಿಲ್ಲ. ಎರಡು ಸಾಲಿನ ಮುಂದೆ ಇರುವ ಇಬ್ಬರನ್ನು ಮಾತ್ರ ನೋಡಬೇಕು. ಗಿಡ್ಡ ಇರುವವರು ಹೊಸ ಸಾಲಿಗೆ ಹೋಗಬೇಕು. ಅವರ ಹಿಂದಿನವರು ಮುಂದೆ ಬರಬೇಕು. ಮತ್ತೆ ಮುಂದಿರುವ ಇಬ್ಬರನ್ನೇ ನೋಡಬೇಕು.

ಇದರಲ್ಲಿ ಒಂದು ಕಡೆ ಮೋಸ ಹೋಗಬಹುದು. ಒಂದು ಸಾಲು ಮೊದಲೇ ಮುಗಿದುಹೋದರೆ? ನಾವಾದರೆ ಕಣ್ಣಲ್ಲಿ ನೋಡಿ ಉಳಿದವರನ್ನು ಹಾಗೇ ಹಿಂದೆ ನಿಲ್ಲಿಸುತ್ತೇವೆ. ಯಂತ್ರಕ್ಕೆ ಕಣ್ಣಿಲ್ಲ, ಅದು ಪಕ್ಕದ ಗೂಡಿನಲ್ಲಿ ಏನಿದೆಯೋ ಅದನ್ನೇ ತಗೊಂಡು ಹೋಲಿಸುತ್ತದೆ. ಅದಕ್ಕೆ ನ್ಯೂಮನ್ ಅವರು ನಾಲ್ಕು ಸಂದರ್ಭಗಳನ್ನು ಬೇರೆ ಬೇರೆ ಮಾಡಿದರು. ಎರಡೂ ಸಾಲಿನಲ್ಲಿ ಜನ ಇದ್ದಾರೆ, ಮೊದಲನೆಯದರಲ್ಲಿ ಮಾತ್ರ ಇದ್ದಾರೆ, ಎರಡನೆಯದರಲ್ಲಿ ಮಾತ್ರ ಇದ್ದಾರೆ, ಎರಡೂ ಖಾಲಿ. ಎರಡೂ ಖಾಲಿಯಾದರೆ ಕೆಲಸ ಮುಗಿಯಿತು.

ಸರಿ, ಮೊದಲೇ ಕ್ರಮವಾಗಿ ನಿಂತ ಸಾಲುಗಳು ಎಲ್ಲಿಂದ ಬರುತ್ತವೆ? ಒಬ್ಬರೇ ನಿಂತರೆ ಅದು ಕ್ರಮವಾಗಿಯೇ ಇರುವ ಸಾಲು ಅಲ್ವಾ! ಅಲ್ಲಿಂದ ಶುರು. ನಾನು ಎಂಟು ಚೀಟಿಗಳ ಮೇಲೆ ಅಂಕ ಬರೆದು ಮಾಡಿ ನೋಡಿದೆ.

ಮೊದಲು: 42, 17, 35, 8, 50, 23, 29, 11
ಎರಡೆರಡು ಸೇರಿಸಿದಾಗ: 17 42 / 8 35 / 23 50 / 11 29
ನಾಲ್ಕು ನಾಲ್ಕು ಸೇರಿಸಿದಾಗ: 8 17 35 42 / 11 23 29 50
ಎಂಟೂ ಸೇರಿಸಿದಾಗ: 8 11 17 23 29 35 42 50

ಒಟ್ಟು 17 ಸಲ ಹೋಲಿಸಿದೆ. ಪ್ರತಿ ಸಲ ಇಡೀ ಪಟ್ಟಿಯಲ್ಲಿ ಚಿಕ್ಕದನ್ನು ಹುಡುಕಿ ತೆಗೆಯುತ್ತಾ ಹೋಗಿದ್ದರೆ 28 ಸಲ ಆಗುತ್ತಿತ್ತು. ಇಷ್ಟೇನಾ ವ್ಯತ್ಯಾಸ ಅನ್ನಬೇಡಿ. 64 ಚೀಟಿ ಇದ್ದರೆ ಹುಡುಕಿ ತೆಗೆಯುವುದಕ್ಕೆ 2016 ಹೋಲಿಕೆ ಬೇಕು. ಈ ಉಪಾಯಕ್ಕೆ ಹೆಚ್ಚೆಂದರೆ 321. ಸಾವಿರ ಚೀಟಿ ಇದ್ದರೆ ಒಂದಕ್ಕೆ 4,99,500, ಇನ್ನೊಂದಕ್ಕೆ 9 ಸಾವಿರದ ಒಳಗೆ. ಪಟ್ಟಿ ಉದ್ದ ಆದಷ್ಟೂ ಲಾಭ ಹೆಚ್ಚು. ಈಗ ಬಹಳ ಜನ ಬಳಸುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾರ್ಟ್ ಎಂಬ ಒಂದೇ ಪದ ಬರೆದರೆ ಪಟ್ಟಿ ಜೋಡಣೆಯಾಗುತ್ತದೆ. ಆ ಪದದ ಒಳಗೆ ನಡೆಯುವುದೂ ಕ್ರಮವಾಗಿರುವ ತುಂಡುಗಳನ್ನು ಹೀಗೆ ಸೇರಿಸುತ್ತಾ ಹೋಗುವ ಕೆಲಸವೇ.

ಯಾರ ಹೆಸರು ಬಂತು, ಯಾರ ಹೆಸರು ಬರಲಿಲ್ಲ

ಎಡ್ವಾಕ್ ಹೇಗಿರಬೇಕು ಎಂದು ನ್ಯೂಮನ್ ಅವರು ಒಂದು ಕರಡು ವರದಿ ಬರೆದಿದ್ದರು. 1945ರ ಜೂನ್ 30ರ ತಾರೀಖು ಹಾಕಿ ಗೋಲ್ಡ್‌ಸ್ಟೈನ್ ಅದನ್ನು ಹಂಚಿದರು. ಅದರ ಮೇಲೆ ನ್ಯೂಮನ್ ಅವರ ಹೆಸರು ಒಂದೇ ಇತ್ತು. ಎಲ್ಲರೂ ಕೂತು ಯೋಚಿಸಿದ್ದಕ್ಕೆ ಒಬ್ಬರ ಹೆಸರು ಮಾತ್ರ ಬಂದದ್ದರಿಂದ ಎಕರ್ಟ್ ಮತ್ತು ಮಾಕ್ಲಿ ಅವರಿಗೆ ಬಹಳ ನೋವಾಯಿತು. ಇವತ್ತಿಗೂ ಪುಸ್ತಕಗಳಲ್ಲಿ ಇದನ್ನು ವಾನ್ ನ್ಯೂಮನ್ ಮಾದರಿ ಎಂದೇ ಬರೆಯುತ್ತಾರೆ. ಹಾಗಾಗಿ ನಾನು ಎಲ್ಲರ ಹೆಸರನ್ನೂ ಬರೆದಿದ್ದೇನೆ. ಎನಿಯಾಕ್‌ನ ಆರು ಜನರಲ್ಲಿ ಒಬ್ಬರಾದ ಬೆಟ್ಟಿ ಸ್ನೈಡರ್ ಅವರ ಹೆಸರನ್ನೂ ಹೇಳಬೇಕು. ಪಟ್ಟಿ ಜೋಡಿಸುವ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಇನ್ನೊಂದು ಪ್ರೋಗ್ರಾಮನ್ನು ಇವರು 1951ರಲ್ಲಿ ತಯಾರಿಸಿದರು. ಆಗ ಮದುವೆಯಾಗಿ ಇವರ ಹೆಸರು ಬೆಟ್ಟಿ ಹೋಲ್ಬರ್ಟನ್ ಎಂದಾಗಿತ್ತು. ನ್ಯೂಮನ್ ಅವರ ಹೆಂಡತಿ ಕ್ಲಾರಾ ಅವರೂ ಕಲಿತು ಎನಿಯಾಕ್‌ಗೆ ಪ್ರೋಗ್ರಾಮ್ ಬರೆದರು.

ಇನ್ನೊಂದು ಪಟ್ಟಿ

ಇದನ್ನು ಬರೆಯಲೋ ಬೇಡವೋ ಎಂದು ಮೇಷ್ಟ್ರನ್ನು ಕೇಳಿದೆ. ಜೀವನ ಚರಿತ್ರೆ ಅಂದ ಮೇಲೆ ಎಲ್ಲವನ್ನೂ ಬರೆಯಬೇಕು ಎಂದರು.

ನ್ಯೂಮನ್ ಅವರು 1943ರಿಂದ ಅಮೆರಿಕದ ಲಾಸ್ ಅಲಾಮೋಸ್ ಎಂಬಲ್ಲಿ ಅಣುಬಾಂಬಿನ ಕೆಲಸಕ್ಕೆ ಸಲಹೆಗಾರರಾಗಿದ್ದರು. ಸುತ್ತಲೂ ಮದ್ದು ಸಿಡಿಸಿ ಒಳಗಿನ ಲೋಹವನ್ನು ಒಂದೇ ಸಮನೆ ಅದುಮುವ ವಿಧಾನದ ಲೆಕ್ಕದಲ್ಲಿ ಇವರ ಪಾತ್ರ ದೊಡ್ಡದು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದದ್ದು ಅಂಥ ಬಾಂಬು. ಅದಕ್ಕೆ ಮೂರು ದಿನ ಮೊದಲು ಹಿರೋಶಿಮಾದ ಮೇಲೆ ಒಂದು ಬಿದ್ದಿತ್ತು. ಬಾಂಬು ಹಾಕಲು ಜಪಾನಿನ ಊರುಗಳ ಪಟ್ಟಿ ಮಾಡಿದ ಸಮಿತಿಯಲ್ಲೂ ಇವರು ಇದ್ದರು. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1 ಲಕ್ಷ 40 ಸಾವಿರ, ನಾಗಸಾಕಿಯಲ್ಲಿ ಸುಮಾರು 70 ಸಾವಿರ ಜನ ಸತ್ತಿದ್ದರು ಎಂದು ಅಂದಾಜು.

ನಂಗೆ ಇದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಸಂಖ್ಯೆಗಳ ಪಟ್ಟಿ ಜೋಡಿಸುವ ಉಪಾಯ ಬರೆದ ವರ್ಷವೂ 1945, ಊರುಗಳ ಪಟ್ಟಿ ಮಾಡಿದ ವರ್ಷವೂ 1945. ಒಂದೇ ಕೈ. ಯುದ್ಧ ಬೇಗ ಮುಗಿಯಲಿ ಎಂದು ಹಾಗೆ ಮಾಡಿದರು ಎಂದು ಕೆಲವರು ಹೇಳುತ್ತಾರೆ. ಆ ಊರುಗಳಲ್ಲಿ ನಮ್ಮ ಹಾಗೆ ಶಾಲೆಗೆ ಹೋಗುವ ಮಕ್ಕಳು ಇದ್ದರು. ನಾನು ಇವರ ಬುದ್ಧಿಯನ್ನು ಮೆಚ್ಚುತ್ತೇನೆ. ಆದರೆ ಈ ಕೆಲಸವನ್ನು ಮೆಚ್ಚಲು ನನ್ನಿಂದ ಆಗಲಿಲ್ಲ.

ಪ್ರಿನ್ಸ್‌ಟನ್ನಿನ ಯಂತ್ರ ಮತ್ತು ಹವಾಮಾನ

ಯುದ್ಧ ಮುಗಿದ ಮೇಲೆ ನ್ಯೂಮನ್ ಅವರು ಪ್ರಿನ್ಸ್‌ಟನ್ನಿನಲ್ಲಿ ಒಂದು ಕಂಪ್ಯೂಟರ್ ಕಟ್ಟಿಸಿದರು. 1952ರ ಜೂನ್‌ನಲ್ಲಿ ಅದರ ಉದ್ಘಾಟನೆಯಾಯಿತು. ಅದರ ನೆನಪಿನಲ್ಲಿ ಇದ್ದದ್ದು 1024 ಗೂಡು ಮಾತ್ರ. ಅದನ್ನು ಕಟ್ಟುವ ವಿಧಾನವನ್ನು ಬಚ್ಚಿಡದೆ ಬೇರೆಯವರಿಗೂ ಕೊಟ್ಟರು. ಅದನ್ನು ನೋಡಿ ಬೇರೆ ಬೇರೆ ದೇಶಗಳಲ್ಲಿ ಅದೇ ಥರದ ಯಂತ್ರಗಳನ್ನು ಕಟ್ಟಿದರು.

ನಮ್ಮಂಥ ಬೇಸಾಯದ ಊರಿನವರಿಗೆ ಇವರ ಇನ್ನೊಂದು ಕೆಲಸ ಇಷ್ಟವಾಗುತ್ತದೆ. ಹವಾಮಾನವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಬಹುದು ಎಂದು ಇವರು ನಂಬಿದ್ದರು. 1950ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್ ಎಂಬುವರ ಜೊತೆ ಸೇರಿ ಎನಿಯಾಕ್‌ನಲ್ಲಿ ಲೆಕ್ಕ ಹಾಕಿಸಿದರು. ಮುಂದಿನ 24 ಗಂಟೆಯ ಹವಾಮಾನದ ಲೆಕ್ಕಕ್ಕೆ ಸುಮಾರು 24 ಗಂಟೆಯೇ ಹಿಡಿಯಿತು. ಹೇಳುವಷ್ಟರಲ್ಲಿ ಆ ದಿನವೇ ಬಂದುಬಿಡುತ್ತಿತ್ತು! ಆದರೂ ಈಗ ರೇಡಿಯೋ, ಟಿ.ವಿ.ಯಲ್ಲಿ ಕೇಳುವ ಮಳೆಯ ಮುನ್ಸೂಚನೆಗೆ ದಾರಿ ಮಾಡಿದ್ದು ಆ ಲೆಕ್ಕ.

ಕೊನೆಯ ದಿನಗಳು

1955ರಲ್ಲಿ ಇವರು ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾದರು. ಅದೇ ವರ್ಷ ಇವರಿಗೆ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಂದ ಪದಕ ಪಡೆಯುವಾಗ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮಿದುಳು ಮತ್ತು ಕಂಪ್ಯೂಟರನ್ನು ಹೋಲಿಸಿ ಒಂದು ಪುಸ್ತಕ ಬರೆಯುತ್ತಿದ್ದರು. ಅದು ಮುಗಿಯಲಿಲ್ಲ. ಅರ್ಧಕ್ಕೆ ನಿಂತದ್ದೇ 1958ರಲ್ಲಿ ಅಚ್ಚಾಯಿತು.

ಆಸ್ಪತ್ರೆಯಲ್ಲಿ ಇವರ ಬುದ್ಧಿ ನಿಧಾನವಾಗಿ ಮಂಕಾಗುತ್ತಾ ಬಂತು. ಇವರಿಗೆ ಮರೀನಾ ಎಂಬ ಒಬ್ಬಳೇ ಮಗಳು. ಏಳಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಎಂಬಂಥ ಸಣ್ಣ ಲೆಕ್ಕ ಕೇಳಿ ತನ್ನನ್ನು ಪರೀಕ್ಷಿಸು ಎಂದು ಅವಳಿಗೆ ಹೇಳುತ್ತಿದ್ದರಂತೆ. ಎಂಟು ಅಂಕಿಯ ಭಾಗಾಕಾರವನ್ನು ಬಾಯಲ್ಲೇ ಮಾಡಿದವರಿಗೆ ಅದೂ ಕಷ್ಟವಾಗುತ್ತಿತ್ತು. ಮಗಳಿಗೆ ನೋಡಲಾರದೆ ಎದ್ದು ಹೊರಗೆ ಬರಬೇಕಾಯಿತು. 1957ರ ಫೆಬ್ರವರಿ 8ರಂದು ವಾಷಿಂಗ್ಟನ್ ನಗರದ ಆಸ್ಪತ್ರೆಯಲ್ಲಿ ನ್ಯೂಮನ್ ಅವರು ತೀರಿಕೊಂಡರು. ಆಗ ಇವರಿಗೆ 53 ವರ್ಷ. ಪ್ರಿನ್ಸ್‌ಟನ್ನಿನಲ್ಲಿ ಇವರ ಸಮಾಧಿ ಇದೆ.

ನಾವು ಕಲಿಯಬೇಕಾದದ್ದು

ಎಷ್ಟೇ ದೊಡ್ಡ ಪಟ್ಟಿಯಾದರೂ ಹೆದರಬೇಕಾಗಿಲ್ಲ. ಒಂದೊಂದಾಗಿ ಬಿಡಿಸಿ, ಎರಡೆರಡು ಸೇರಿಸುತ್ತಾ ಬಂದರೆ ಅದು ಸರಿಹೋಗುತ್ತದೆ ಎಂದು ನ್ಯೂಮನ್ ಅವರ ಪ್ರೋಗ್ರಾಮಿನಿಂದ ಕಲಿತೆ. ಲೆಕ್ಕ ಬಿಡಿಸುವಾಗಲೂ ಹೀಗೇ ಮಾಡಬಹುದು. ಇನ್ನೊಂದು, ಯಂತ್ರಕ್ಕೆ ಯಾವ ಪಟ್ಟಿ ಕೊಟ್ಟರೂ ಅದು ಜೋಡಿಸುತ್ತದೆ. ಅಕ್ಕಿ ಸಿಗಬೇಕಾದವರ ಪಟ್ಟಿಯೋ, ಬಾಂಬು ಬೀಳಬೇಕಾದ ಊರಿನ ಪಟ್ಟಿಯೋ ಅದಕ್ಕೆ ತಿಳಿಯದು. ಅದನ್ನು ನಾವೇ ಯೋಚನೆ ಮಾಡಬೇಕು. ನಮ್ಮಲ್ಲಿ ಯಾರಾದರೂ ಮುಂದೆ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಹೋದರೆ ಇದನ್ನು ಮರೆಯಬಾರದು.

ಓದುಗರಿಗೆ ಒಂದು ಕೆಲಸ: 31, 6, 44, 19, 2, 27, 38, 15 ಈ ಎಂಟು ಸಂಖ್ಯೆಗಳನ್ನು ಚೀಟಿಗಳ ಮೇಲೆ ಬರೆದು ನ್ಯೂಮನ್ ಅವರ ಉಪಾಯದಿಂದ ಜೋಡಿಸಿ. ಎಷ್ಟು ಸಲ ಹೋಲಿಸಿದಿರಿ ಎಂದು ಎಣಿಸಿ ಬರೆದಿಡಿ. 17ಕ್ಕಿಂತ ಹೆಚ್ಚಾಗಿದ್ದರೆ ಎಲ್ಲೋ ಒಂದು ಕಡೆ ಸುಮ್ಮನೆ ಹೋಲಿಸಿದ್ದೀರಿ ಅಂತ ಅರ್ಥ, ಇನ್ನೊಂದು ಸಲ ಮಾಡಿ.



ಏಳನೇ ತರಗತಿ